ಪಾಸ್‌ಪೋರ್ಟಿನಿಂದ ಇಳಿಸಿಕೊಂಡ ಹೆಸರು

ನನ್ನ ಹೆಸರು ಸಿದೊನೀ. ಕುವೈತಿನ ಮಂಗಫ್‌ನ ಒಂದು ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯುವ ಕೆಲಸ ನನ್ನದು. ತೋಳು ಚಾಚಿ ಕುಳಿತವರು ಸೂಜಿ ನೋಡಲಾರದೆ ನನ್ನ ಬ್ಯಾಡ್ಜ್ ನೋಡುತ್ತಾರೆ, ನೋಡಿದವರು ಅರ್ಥ ಕೇಳುತ್ತಾರೆ. ಫ್ರೆಂಚ್ ಹೆಸರು ಅಂದ ಕೂಡಲೇ ಅವರ ಮುಖದ ಮೇಲೆ ಒಂದು ಬಗೆಯ ಮರ್ಯಾದೆ ಬಂದು ಕೂರುತ್ತದೆ. ನಾನು ಪ್ಯಾರಿಸ್ಸಿನಿಂದ ನೆಟ್ಟಗೆ ಇಲ್ಲಿಗೇ ಇಳಿದು ಅವರ ನರ ಹುಡುಕುತ್ತಿದ್ದೇನೆ ಎಂದುಕೊಳ್ಳುತ್ತಾರೋ ಏನೋ. ಆ ಮರ್ಯಾದೆ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದನ್ನು ಮೊದಲು ಕಂಡದ್ದು ನನ್ನ ಪಪ್ಪನ ಮುಖದಲ್ಲಿ. ಬಿಳಿ ಚರ್ಮದ ಯಾರೇ ಲಿಫ್ಟಿನಲ್ಲಿ ಸಿಕ್ಕಿದರೂ ಅವನ ಬೆನ್ನು ತಾನಾಗಿ ಬಾಗುತ್ತಿತ್ತು, ತುಟಿ ತಾನಾಗಿ ಅಗಲವಾಗುತ್ತಿತ್ತು. ನನ್ನ ಹೆಸರು ಹುಟ್ಟಿದ್ದು ಫ್ರಾನ್ಸಿನಲ್ಲೂ ಅಲ್ಲ, ಚರ್ಚಿನಲ್ಲೂ ಅಲ್ಲ, ಆ ಬಾಗಿದ ಬೆನ್ನಿನಲ್ಲಿ.

ಅಬು ಹಲೀಫಾದಲ್ಲಿ ನಮ್ಮದು ಮೂರನೆಯ ಮಹಡಿಯ ಫ್ಲ್ಯಾಟ್. ಎರಡು ಕೋಣೆ, ಒಂದು ಹಾಲ್, ಇಬ್ಬರು ನಿಂತರೆ ಫ್ರಿಜ್ಜಿನ ಬಾಗಿಲು ತೆರೆಯಲಾಗದ ಅಡುಗೆಮನೆ. ಹಾಲಿನ ಗೋಡೆಗೆ ಗಾಜಿನ ಶೋಕೇಸ್. ಅದರೊಳಗೆ ಖಾಲಿಯಾದ ಸೆಂಟಿನ ಬಾಟಲಿಗಳು, ಸೇತುವೆಯ ಚಿತ್ರವಿದ್ದ ಪಿಂಗಾಣಿ ತಟ್ಟೆ, ಮೂತಿ ಒಡೆದ ಟೀಪಾಟ್. ಎಲ್ಲವೂ ಪಪ್ಪನ ಫ್ರೆಂಚ್ ಸಾಹೇಬನ ಮನೆಯಲ್ಲಿ ಬೇಡವಾದವು. ಕಸಕ್ಕೆ ಹೋಗಬೇಕಾದದ್ದನ್ನು ಪಪ್ಪ ಎರಡೂ ಕೈಯಲ್ಲಿ ಹಿಡಿದು ತಂದು ಗಾಜಿನ ಹಿಂದೆ ಇಡುತ್ತಿದ್ದ. ಏಸುವಿನ ಪಟದ ದೂಳನ್ನು ವಾರಕ್ಕೊಮ್ಮೆ ಒರೆಸಿದರೆ ಸಾಕಿತ್ತು, ಆ ಬಾಟಲಿಗಳನ್ನು ದಿನಾ ಒರೆಸಬೇಕಿತ್ತು. ಊರಿನವರ ಲೆಕ್ಕದಲ್ಲಿ ಅವನು ಫ್ರೆಂಚ್ ಕಂಪೆನಿಯ ಆಫೀಸರ್. ಇಲ್ಲಿ ಅವನ ಕೆಲಸ ಸಾಹೇಬರ ಪಾಸ್‌ಪೋರ್ಟುಗಳ ಜೆರಾಕ್ಸ್ ಮಾಡುವುದು, ಅವರ ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿಯುವ ಮುಂಚೆ ಫಾರಂ ತುಂಬುವುದು, ಅವರ ಪರವಾಗಿ ಕ್ಯೂನಲ್ಲಿ ನಿಲ್ಲುವುದು. ಅದು ಮಾನದ ಕೆಲಸವೇ. ಆದರೆ ಅದನ್ನು ಹಾಗೆಂದು ಹೇಳುವ ಮಾನ ಅವನಿಗಿರಲಿಲ್ಲ.

ಮಮ್ಮಿ ಆಸ್ಪತ್ರೆಯಲ್ಲಿ ನರ್ಸ್. ದಿನವಿಡೀ ಬೇರೆಯವರ ಮೈ ಒರೆಸಿ ಬಂದವಳಿಗೆ ಮನೆಯಲ್ಲಾದರೂ ಯಜಮಾನಿಯಾಗಿರಬೇಕೆಂಬ ಆಸೆ ಇದ್ದಿದ್ದರೆ ನಾನು ಕ್ಷಮಿಸುತ್ತಿದ್ದೆ. ಅವಳಿಗೆ ಬೇಕಾದದ್ದು ಫೋರ್ಕು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಅದನ್ನು ನಾವು ಮೂವರೂ ಫೋರ್ಕಿನಲ್ಲಿ ತಿನ್ನಬೇಕಿತ್ತು. ಬಂಗುಡೆಯ ಮುಳ್ಳನ್ನು ಫೋರ್ಕಿನಲ್ಲಿ ಬಿಡಿಸುವ ಮನುಷ್ಯನನ್ನು ನೋಡಿದವರಿಗೆ ಮಾತ್ರ ನನ್ನ ಬಾಲ್ಯ ಅರ್ಥವಾದೀತು. ಪಪ್ಪ ಹಣೆಯಲ್ಲಿ ಬೆವರಿಳಿಸಿಕೊಂಡು ಆ ಸಾಹಸ ಮಾಡುವಾಗ ಅಡುಗೆಮನೆಯ ನೆಲದಲ್ಲಿ ಕುಳಿತು ಕೈಯಲ್ಲಿ ಕಲಸಿ ನೆಮ್ಮದಿಯಾಗಿ ಉಣ್ಣುತ್ತಿದ್ದವಳು ಒಬ್ಬಳೇ, ಆಕಯ್. ಪಪ್ಪನ ಅಕ್ಕ, ಹೆಸರು ಲಿಲ್ಲಿ. ನಾನು ನನ್ನ ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದು ಅವಳ ಬಳಿ ಹೋಗಿ ಕೂರುತ್ತಿದ್ದೆ. ಮುಳ್ಳು ತೆಗೆದ ಮೀನಿನ ತುತ್ತು ಬಾಯಿಗೆ ಬರುತ್ತಿತ್ತು.

ಹೆಸರಿನ ಜಗಳ ನನಗೆ ಹೆಸರಿಡುವ ಮುಂಚಿನದು. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಮೊದಲ ಹೆಣ್ಣುಮಗುವಿಗೆ ಅಪ್ಪನ ತಾಯಿಯ ಹೆಸರು. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ನನ್ನ ಅಜ್ಜಿಯ ಹೆಸರು ಪಿಯಾದ್. ಬೆಳಕು ಹರಿಯುವ ಹೊತ್ತಿಗೆ ಮಲ್ಲಿಗೆ ಕೊಯ್ದು, ಕಟ್ಟಿ, ಅಟ್ಟೆಯ ಲೆಕ್ಕದಲ್ಲಿ ಮಾರಿ ಇಬ್ಬರು ಮಕ್ಕಳನ್ನು ಸಾಕಿದ ಹೆಂಗಸು. ಹೂ ಕಟ್ಟಲು ಕೈ ಸಾಲದೆ ಆಕಯ್ ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟಳು, ಪಪ್ಪ ಬಿ.ಕಾಂ. ಮುಗಿಸಿ ಟೈಪಿಂಗ್ ಕಲಿತ. ನಾನು ಹುಟ್ಟುವ ಒಂದು ವರ್ಷ ಮುಂಚೆ ಅಜ್ಜಿ ತೀರಿಹೋದಳು. ಆಕಯ್ ತಾನೇ ಹೊಲಿದ ಬಿಳಿ ಫ್ರಾಕ್ ಮಡಚಿಕೊಂಡು ಕುವೈತಿಗೆ ಬಂದದ್ದು ಎರಡು ನಂಬಿಕೆಯಿಂದ: ಮಗುವಿಗೆ ಪಿಯಾದ್ ಎಂದು ಹೆಸರಿಡುತ್ತಾರೆ, ಜ್ಞಾನಸ್ನಾನದ ದಿನ ಗಾಡ್‌ಮದರ್ ಆಗಿ ಮಗುವನ್ನು ತಾನು ಎತ್ತಿಕೊಳ್ಳುತ್ತೇನೆ. ಅಕ್ಕನನ್ನು ಅಕ್ಕ ಎಂದು ಕರೆಸಿಕೊಳ್ಳಲು ವೀಸಾ ಸಿಗುವುದಿಲ್ಲ. ಆದ್ದರಿಂದ ಪಪ್ಪ ವೀಸಾಕ್ಕೆ ಜಾಮೀನು ನಿಲ್ಲುವ ಪರಿಚಯದ ಕಫೀಲನೊಬ್ಬನನ್ನು ಹಿಡಿದು ಮನೆಕೆಲಸದವಳ ವೀಸಾ ಮಾಡಿಸಿದ್ದ. ಕಾಗದದಲ್ಲಿ ಮಾತ್ರ ಹಾಗೆ ಎಂದು ಹೇಳಿದ್ದನಂತೆ.

ಬಂದಿಳಿದ ವಾರದಲ್ಲೇ ಆಕಯ್‌ಗೆ ವಿಷಯ ತಿಳಿಯಿತು. ಈ ಜಗಳವನ್ನು ಅವಳ ಬಾಯಿಂದ ನಾನು ಎಷ್ಟು ಸಲ ಕೇಳಿದ್ದೇನೆಂದರೆ, ತೊಟ್ಟಿಲಲ್ಲಿ ಮಲಗಿ ನಾನೇ ಕೇಳಿಸಿಕೊಂಡಂತೆ ಅನಿಸುತ್ತದೆ. ಮನೆಯಲ್ಲಿ ಆಡುತ್ತಿದ್ದದ್ದು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಪಿಯಾದ್ ಅಂತ ಇಟ್ರೆ ಶಾಲೆಯಲ್ಲಿ ನಗ್ತಾರೆ, ಲಿಲ್ಲಿಬಾಯ್. ಮೀನು ಮಾರುವವರ ಹೆಸರಿನ ಹಾಗೆ ಕೇಳ್ತದೆ."

"ಅದು ನಮ್ಮ ಅಮ್ಮನ ಹೆಸರು ಮಾರಾಯ."

"ಗೊತ್ತುಂಟು. ಆದ್ರೆ ಕಾಲ ಬದಲಾಗಿದೆ. ನಾನು ಒಳ್ಳೇ ಹೆಸರು ನೋಡಿ ಇಟ್ಟಿದ್ದೇನೆ. ನಮ್ಮ ಮದಾಮ್‌ದು. ಗಾಡ್‌ಮದರ್ ಸಹ ಅವರೇ."

ಹೆಸರು ನೋಡಿ ಇಟ್ಟದ್ದು ಎಲ್ಲಿ? ಸಾಹೇಬನ ಹೆಂಡತಿಯ ಇಕಾಮಾ ನವೀಕರಿಸಲು ಬಂದ ಪಾಸ್‌ಪೋರ್ಟಿನಲ್ಲಿ. ಫಾರಂ ತುಂಬುವಾಗ ಕಣ್ಣಿಗೆ ಬಿತ್ತಂತೆ, ಸಿದೊನೀ. ಅದನ್ನು ಒಂದು ಚೀಟಿಗೆ ಇಳಿಸಿಕೊಂಡು ಜೇಬಿನಲ್ಲಿಟ್ಟು ತಂದ. ಆ ಹೆಂಗಸನ್ನು ಜನ ಏನೆಂದು ಕರೆಯುತ್ತಾರೆಂದು ಕೇಳುವ ಗೋಜಿಗೆ ಹೋಗಲಿಲ್ಲ. ಜೀವಮಾನವಿಡೀ ಪಾಸ್‌ಪೋರ್ಟು ನೋಡಿಯೇ ಮನುಷ್ಯರನ್ನು ಗುರುತಿಸಿದವನಿಗೆ ಅದರಲ್ಲಿ ಅಚ್ಚಾದದ್ದೇ ನಿಜ. ಗಾಡ್‌ಮದರ್ ಆಗಲು ಒಪ್ಪಿಗೆ ಕೇಳಿದ್ದು ಕೂಡ ಮದಾಮ್ ಹತ್ತಿರ ಅಲ್ಲ, ಸಾಹೇಬನ ಹತ್ತಿರ. ಕಾಗದಗಳಿಗೆ ಸಹಿ ಹಾಕುತ್ತಿದ್ದ ಸಾಹೇಬ ತಲೆ ಎತ್ತದೆ ಹೂಂ ಅಂದನಂತೆ. ಅಷ್ಟಕ್ಕೇ ಅವಳ ಹೆಸರು ಚರ್ಚಿನ ಪುಸ್ತಕಕ್ಕೆ ಹೋಯಿತು. ಜ್ಞಾನಸ್ನಾನಕ್ಕೆ ಮದಾಮ್ ಬರಲಿಲ್ಲ. ಬಾರದವಳ ಬದಲಿಗೆ ನಿಂತು ನನ್ನನ್ನು ಎತ್ತಿಕೊಳ್ಳಲು ಯಾರಾದರೂ ಬೇಕಿತ್ತು. ಆಕಯ್ ನಿಂತಳು. ತಾನು ಆಗಬೇಕಿದ್ದ ಗಾಡ್‌ಮದರಿನ ಜಾಗದಲ್ಲಿ, ಇನ್ನೊಬ್ಬಳ ಬದಲಿಯಾಗಿ, ತನ್ನ ತಾಯಿಗೆ ಸಲ್ಲಬೇಕಿದ್ದ ಹೆಸರು ತಪ್ಪಿಹೋಗುವುದನ್ನು ಕೇಳುತ್ತ ನಿಂತಳು. ಫೋಟೋದಲ್ಲಿ ಅವಳ ಮುಖ ಅರ್ಧವೇ ಬಂದಿದೆ.

ಶಾಲೆಯಲ್ಲಿ ನಕ್ಕರು, ಬೇಕಾದಷ್ಟು ನಕ್ಕರು. ಅರ್ಥವಾದರೂ ಘನವಾಗಿರಬಹುದೆಂದು ಪಪ್ಪನನ್ನು ಕೇಳಿದರೆ, "ರಾಣಿಯರ ಹೆಸರು ಅದು" ಎಂದ. ಅದನ್ನು ಸುಳ್ಳು ಮಾಡಿದವನು ನಮ್ಮ ಕಟ್ಟಡದ ಕೆಳಗಿನ ಔಷಧಿ ಅಂಗಡಿಯ ಲೆಬನಾನಿನ ಮುದುಕ. ಕೆಮ್ಮಿನ ಔಷಧಿಯ ಚೀಟಿಯಲ್ಲಿ ಹೆಸರು ಓದಿ ಕೌಂಟರಿನ ಮೇಲೆ ಬಗ್ಗಿ ನನ್ನ ಕೆನ್ನೆ ಹಿಂಡಿದ.

"ಸಿದೊನೀ ಅಂದ್ರೆ ಸೈದಾ ಊರಿನವಳು! ಅದು ನಮ್ಮೂರು. ಹಳೇ ಕಾಲದಲ್ಲಿ ಅದನ್ನು ಸಿದೋನ್ ಅನ್ನುತ್ತಿದ್ದರು. ನಿನ್ನ ಬೈಬಲ್ಲಿನಲ್ಲೂ ಇದೆ. ನೀನು ನಮ್ಮವಳು, ಹಬೀಬ್ತಿ."

ನನಗೆ ಖುಷಿಯಾಯಿತು. ಪಪ್ಪನ ಮುಖ ಕಪ್ಪಿಟ್ಟಿತು. ಅಷ್ಟು ದೂರದ ಫ್ರಾನ್ಸಿಗೆ ಕೈ ಚಾಚಿ ಹಿಡಿದು ತಂದ ಹೆಸರು ಪಕ್ಕದ ಅರಬ್ಬಿ ಊರಿನದಾದರೆ ಯಾರಿಗೆ ಬೇಕು? "ಅವನಿಗೆಂತ ಗೊತ್ತು ಫ್ರೆಂಚ್" ಅಂದವನು ಆಮೇಲೆ ಔಷಧಿಗೆ ಎರಡು ಬೀದಿ ಆಚೆ ನಡೆಯತೊಡಗಿದ. ಬೇಸಿಗೆಯ ಆ ಬಿಸಿಲಲ್ಲಿ ಎರಡು ಬೀದಿ ನಡೆಯುವುದೆಂದರೆ ಏನೆಂದು ಇಲ್ಲಿದ್ದವರಿಗೆ ಗೊತ್ತು.

ಅಡುಗೆಮನೆಯ ಬಾಗಿಲು ಮುಂದೆ ಮಾಡಿದರೆ ಮಾತ್ರ ನನಗೆ ಬೇರೆ ಹೆಸರಿತ್ತು. ಅಲ್ಲಿ ಆಕಯ್ ನನ್ನನ್ನು ಪಿಯಾದ್ ಎಂದು ಕರೆಯುತ್ತಿದ್ದಳು. ಉಳಿದವರ ಮುಂದೆ, ಸಿದೊನೀ ತನ್ನ ನಾಲಿಗೆಗೆ ಹೊರಳುವುದಿಲ್ಲ ಎಂದು ಬರೀ ಮಗಾ ಎನ್ನುತ್ತಿದ್ದಳು. ನಮ್ಮ ಜಪದ ಪುಸ್ತಕ ಕೊಂಕಣಿಯದು, ಲಿಪಿ ಕನ್ನಡದ್ದು. ಆ ಪುಸ್ತಕದ ಮೇಲೆ ಬೆರಳಿಟ್ಟು ಅವಳು ನನಗೆ ಅಕ್ಷರ ಕಲಿಸಿದಳು. ಊರಿನಿಂದ ಯಾರಾದರೂ ತಂದ ಹಳೆಯ ವಾರಪತ್ರಿಕೆಗಳಲ್ಲಿ ಓದಿಸಿದಳು. ಇವತ್ತು ನಾನು ಈ ಸಾಲನ್ನು ಕನ್ನಡದಲ್ಲಿ ಬರೆಯುತ್ತಿರುವುದು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ದೆಸೆಯಿಂದ. ಬಿ.ಕಾಂ. ಓದಿದವನಿಂದ ಬಂದದ್ದು ಒಡಕು ಟೀಪಾಟ್. ಪಿಯಾದ್ ಎಂದರೆ ಏನು ಎಂದು ಕೇಳಿದಾಗ ಆಕಯ್ ತಡೆಯದೆ ಹೇಳಿದಳು.

"ಕರುಣೆ. ಮಡಿಲಲ್ಲಿ ಸತ್ತ ಮಗನನ್ನು ಮಲಗಿಸಿಕೊಂಡು ಕೂತ ಮಾತೆ ಉಂಟಲ್ಲ, ಆ ಮಾತೆಯ ಹೆಸರು ಅದು."

ಹದಿಮೂರಕ್ಕೆ ನನ್ನ ದೃಢೀಕರಣ ಬಂತು. ಬಿಷಪ್ ಹಣೆಗೆ ತೈಲ ಹಚ್ಚುವ ದಿನ ನಮ್ಮಲ್ಲಿ ಒಂದು ಹೊಸ ಹೆಸರು ಆರಿಸಿಕೊಳ್ಳಬಹುದು. ಹಿಂದೆ ಒಬ್ಬರು ಹಿರಿಯರು ಹೆಗಲ ಮೇಲೆ ಕೈಯಿಟ್ಟು ನಿಲ್ಲಬೇಕು. ಶುಕ್ರವಾರದ ಧರ್ಮೋಪದೇಶದ ತರಗತಿಯಲ್ಲಿ ಫಾರಂ ಕೊಟ್ಟರು. ಅದನ್ನು ಮನೆಗೆ ತಂದಾಗ ಆಕಯ್ ಸಿಗಡಿ ಸುಲಿಯುತ್ತ ಕೂತಿದ್ದಳು.

"ಹೊಸ ಹೆಸರು ಬರೀಲಿಕ್ಕೆ ಜಾಗ ಉಂಟಲ್ಲ ಅದರಲ್ಲಿ, ಅಲ್ಲಿ ನನ್ನ ಅಮ್ಮನ ಹೆಸರು ಬರಿ, ಪಿಯಾದ್. ಯಾರಿಗೂ ಹೇಳುದು ಬೇಡ. ಬಿಷಪ್ ಸ್ವಾಮಿ ಒಂದು ಸಲ ಬಾಯಲ್ಲಿ ಹೇಳಿದ್ರೆ ಸಾಕು ನಂಗೆ."

"ಬರೀತೇನೆ ಆಕಯ್."

ಅವಳು ಅದುವರೆಗೆ ನನ್ನ ಬಳಿ ಏನನ್ನೂ ಕೇಳಿದವಳಲ್ಲ, ಆಮೇಲೂ ಕೇಳಲಿಲ್ಲ.

ಅದೇ ವಾರ ಪಪ್ಪ ಕುಣಿಯುತ್ತ ಮನೆಗೆ ಬಂದ. ಸಾಹೇಬನಿಗೆ ವರ್ಗವಾಗಿತ್ತು, ಸಾಮಾನು ಕಟ್ಟುತ್ತಿದ್ದರು. ಹೋಗುವ ಮುಂಚೆ ಮದಾಮ್ ಹತ್ತು ನಿಮಿಷ ನಮ್ಮ ಮನೆಗೆ ಬಂದು ಹೋಗುತ್ತಾಳೆ ಎಂದು ಸಾಹೇಬ ಒಪ್ಪಿದ್ದ. ದೃಢೀಕರಣಕ್ಕೂ ಅವಳೇ ನಿಲ್ಲಬೇಕೆಂದು ಕೇಳುವುದು ಪಪ್ಪನ ಯೋಜನೆ. ಆ ಹತ್ತು ನಿಮಿಷಕ್ಕೆ ಮೂರು ದಿನ ಮನೆ ಬೆಂದುಹೋಯಿತು. ಒಣಮೀನಿನ ಕಟ್ಟು ಕಸಕ್ಕೆ ಹೋಯಿತು. ಮೀನಿನ ವಾಸನೆ ಗೋಡೆಗೆ ಹಿಡಿದಿದೆ ಎಂದು ಮಮ್ಮಿ ಹಾಲಿನ ತುಂಬ ಊದಿನ ಧೂಪ ಹಾಕಿಸಿದಳು. ಸೋಫಾದ ಹಿಂದೆ ಸುತ್ತಿಡುತ್ತಿದ್ದ ಆಕಯ್‌ಯ ಹಾಸಿಗೆ ಬಾಲ್ಕನಿಗೆ ಹೋಯಿತು. ಮೂತಿ ಒಡೆದ ಟೀಪಾಟನ್ನು ಶೋಕೇಸಿನ ನಡುವೆ, ಒಡಕು ಹಿಂದಕ್ಕೆ ಮಾಡಿ ಇಟ್ಟರು. ಮದಾಮ್‌ಗೆ ಅವಳ ಮನೆಯ ಕಸವನ್ನೇ ಗಾಜಿನ ಹಿಂದೆ ತೋರಿಸುವ ಕಾರ್ಯಕ್ರಮ ಅದು ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ; ನಾನು ಆಗ ಕನ್ನಡಿಯ ಮುಂದೆ ರಿಬ್ಬನ್ ಕಟ್ಟುತ್ತಿದ್ದೆ.

"ನೀನು ಒಳಗೇ ಇರು ಆಯ್ತಾ ಲಿಲ್ಲಿಬಾಯ್," ಪಪ್ಪ ಹೇಳಿದ. "ಟ್ರೇ ಮಾತ್ರ ತಂದು ಇಟ್ರೆ ಸಾಕು."

"ಆಯ್ತು," ಎಂದಳು ಆಕಯ್.

ಮದಾಮ್ ಬಂದಳು. ನಾನು ಕಲ್ಪಿಸಿಕೊಂಡಿದ್ದ ರಾಣಿಗಿಂತ ಕುಳ್ಳಗಿದ್ದ, ಕತ್ತಿನ ಮೇಲೆ ಬಿಸಿಲಿನ ಗುಳ್ಳೆಗಳಿದ್ದ, ಸಾಮಾನು ಕಟ್ಟಿ ಕಟ್ಟಿ ದಣಿದ ಹೆಂಗಸು. ಪಪ್ಪ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿ, ತಾನು ಬಾಯಿಪಾಠ ಮಾಡಿದ ಇಂಗ್ಲಿಷಿನಲ್ಲಿ, ಇವಳೇ ನಿಮ್ಮ ಗಾಡ್‌ಚೈಲ್ಡ್ ಸಿದೊನೀ ಎಂದ.

"ನನ್ನ? ನಾನು ಗಾಡ್‌ಮದರ್?" ಅವಳು ಇಂಗ್ಲಿಷಿನಲ್ಲೇ ಕೇಳಿದಳು.

ಪಪ್ಪ ಸಾಹೇಬ ಒಪ್ಪಿದ ಕತೆ ಹೇಳಿದ. ಮದಾಮ್ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೆಟ್ಟ ನಗುವಲ್ಲ ಅದು. ಅದಕ್ಕೇ ಹೆಚ್ಚು ಚುಚ್ಚಿತು.

"ಅಯ್ಯೋ ಪಾಪದ ಮಗು! ನನ್ನನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ನಾನು ಆನ್. ಸಿದೊನೀ ನನ್ನ ಅಪ್ಪನ ತಾಯಿಯ ಹೆಸರು. ನಮ್ಮ ಮನೆಯಲ್ಲಿ ಮೊದಲ ಹುಡುಗಿಗೆ ಅದನ್ನೇ ಇಡಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ನಮ್ಮೂರಲ್ಲಿ ಅದು ಹಳ್ಳಿ ಮುದುಕಿಯರ ಹೆಸರು. ಶಾಲೆಯಲ್ಲಿ ಎಲ್ಲರೂ ನಗುತ್ತಿದ್ದರು."

ಹಾಲಿನಲ್ಲಿ ಊದಿನ ಹೊಗೆ ಇನ್ನೂ ಇತ್ತು. ಪಪ್ಪನ ತುಟಿ ಅಗಲವಾಗಿಯೇ ಇತ್ತು, ಅದನ್ನು ಮುಚ್ಚಲು ಅವನಿಗೆ ಮರೆತುಹೋಗಿತ್ತು. ಅಜ್ಜಿಯ ಹೆಸರು ಬೇಡವೆಂದು, ಮುದುಕಿಯ ಹೆಸರು ಬೇಡವೆಂದು, ಮಕ್ಕಳು ನಗುತ್ತಾರೆಂದು ತಾಯಿಯ ಹೆಸರನ್ನು ತಳ್ಳಿದವನು ಮಗಳಿಗೆ ಇಟ್ಟದ್ದು ಇನ್ಯಾರದೋ ಅಜ್ಜಿಯ ಹೆಸರು. ಎಂತಹ ಪೆದ್ದುತನ! ಇಷ್ಟು ಚೊಕ್ಕವಾಗಿ ಮೋಸಹೋಗಲು ಕೂಡ ಒಂದು ಯೋಗ್ಯತೆ ಬೇಕು. ಮಮ್ಮಿ ಏನಾದರೂ ಉಳಿಸಿಕೊಳ್ಳೋಣವೆಂದು, ಅರ್ಥವಾದರೂ ಒಳ್ಳೆಯದಿರಬೇಕಲ್ಲವೇ ಎಂದು ಕೇಳಿದಳು. ಮದಾಮ್ ಚಹಾದ ಕಪ್ಪಿಗೆ ಕೈ ಚಾಚುತ್ತ ಹೇಳಿದಳು.

"ಒಂದು ಊರಿನ ಹೆಸರು ಎನ್ನುತ್ತಾರೆ ಓದಿದವರು. ನನ್ನ ಅಜ್ಜಿ ಹೇಳುತ್ತಿದ್ದದ್ದು ಬೇರೆ. ಏಸುವಿನ ದೇಹಕ್ಕೆ ಸುತ್ತಿದ ಬಟ್ಟೆ ಇದೆಯಲ್ಲ, ಅದರಿಂದ ಬಂದದ್ದಂತೆ."

"ಹೆಣದ ಬಟ್ಟೆಯಾ?" ಮಮ್ಮಿ ಕೊಂಕಣಿಯಲ್ಲಿ ಉಸುರಿ ಶಿಲುಬೆಯ ಗುರುತು ಹಾಕಿಕೊಂಡಳು.

ಕಪ್ಪನ್ನು ಮದಾಮ್ ಕೈಗೆ ಕೊಟ್ಟವಳು ಆಕಯ್. ಟ್ರೇ ಇಟ್ಟವಳು ಒಳಗೆ ಹೋಗದೆ ಅಲ್ಲೇ ನಿಂತುಬಿಟ್ಟಿದ್ದಳು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಅಜ್ಜಿ, ಹೆಸರು ಎಂಬಷ್ಟು ತಿಳಿದಿತ್ತು. ಅವಳ ಮುಖದಲ್ಲಿ ನಗುವಿತ್ತು. ಹದಿಮೂರು ವರ್ಷದ ಜಗಳವನ್ನು ಆ ಬಿಳಿ ಹೆಂಗಸು ಒಂದೇ ಮಾತಿನಲ್ಲಿ ಅವಳ ಪರವಾಗಿ ತೀರ್ಮಾನಿಸಿದ್ದಳಲ್ಲ. ಮದಾಮ್ ಆ ನಗು ಕಂಡು ತಾನೂ ನಕ್ಕು ನನ್ನ ಕಡೆ ತಿರುಗಿದಳು.

"ಇವರು ಯಾರು? ನಿನ್ನ ಅಜ್ಜಿಯೇ?"

ಪಪ್ಪ ಶೋಕೇಸ್ ನೋಡಿದ. ಮಮ್ಮಿ ನೆಲ ನೋಡಿದಳು. ಕೇಳಿದ್ದು ನನ್ನನ್ನು, ನಾನೇ ಹೇಳಿದೆ. ಆಕಯ್‌ಯ ಸೀರೆಯ ಅಂಚಿಗೆ ಸಿಗಡಿಯ ಸಿಪ್ಪೆಯೊಂದು ಅಂಟಿಕೊಂಡಿದ್ದದ್ದು ನನಗೆ ಕಾಣುತ್ತಿತ್ತು. ಆ ಸಿಪ್ಪೆಯನ್ನು ಮದಾಮ್ ನೋಡಬಾರದಿತ್ತು.

"ನೋ, ನೋ. ಶೀ ಈಸ್ ಅವರ್ ಮೇಡ್."

ಕುವೈತಿನಲ್ಲಿ ಆ ಪದ ಗೊತ್ತಿಲ್ಲದವರು ಯಾರು? ಆಕಯ್‌ಯ ನಗು ಒಮ್ಮೆಲೇ ಹೋಗಲಿಲ್ಲ, ಸ್ವಲ್ಪ ಹೊತ್ತು ಮುಖದಲ್ಲೇ ಉಳಿದಿತ್ತು. ಮದಾಮ್ ಅವಳಿಗೆ ಥ್ಯಾಂಕ್ಯೂ ಅಂದಳು. ಆ ಹಾಲಿನಲ್ಲಿ ಅವಳಿಗೆ ಆ ಮಾತು ಹೇಳಿದ ಮೊದಲ ವ್ಯಕ್ತಿ ಮದಾಮ್. ಆಮೇಲೆ ಗಡಿಯಾರ ನೋಡಿ ಎದ್ದಳು. ದೃಢೀಕರಣದ ಹೊತ್ತಿಗೆ ತಾನು ಫ್ರಾನ್ಸಿನಲ್ಲಿರುತ್ತೇನೆ ಎಂದಳು. ಪಪ್ಪ ಲಿಫ್ಟಿನವರೆಗೆ ಹಿಂದೆಹಿಂದೆ ಓಡಿದ. ಬಾಗಿಲು ಹಾಕಿ ಬಂದವನಿಗೆ ಯಾರಿಗಾದರೂ ಸಮಾಧಾನ ಹೇಳಬೇಕು ಅನ್ನಿಸಿರಬೇಕು.

"ಬೇಜಾರು ಮಾಡ್ಬೇಡ ಲಿಲ್ಲಿಬಾಯ್. ಮಗು ಸುಳ್ಳು ಹೇಳಿದ್ದಲ್ಲ. ನಿನ್ನ ಇಕಾಮಾದಲ್ಲಿ ಇರುದೇ ಅದು."

"ಹೌದು," ಆಕಯ್ ಕಪ್ಪುಗಳನ್ನು ಒಟ್ಟುಮಾಡುತ್ತ ಹೇಳಿದಳು, "ಇಕಾಮಾದಲ್ಲಿ ಹಾಗೇ ಉಂಟು."

ಎಷ್ಟೋ ವರ್ಷ ನಾನು ಆ ಇಕಾಮಾದ ಹಿಂದೆಯೇ ಅಡಗಿಕೊಂಡೆ. ಸರಕಾರಿ ಕಾಗದದಲ್ಲಿ ಇದ್ದದ್ದನ್ನು ಹೇಳಿದೆ, ಅದರಲ್ಲಿ ನನ್ನ ತಪ್ಪೇನು? ಅಪ್ಪನ ಮಗಳಲ್ಲವೇ, ನನಗೂ ಅಚ್ಚಾದದ್ದೇ ನಿಜ. ಪಪ್ಪನ ಬೆನ್ನು ಬಾಗಿದ್ದು ಹೊಟ್ಟೆಪಾಡಿಗೆ ಎಂದಾದರೂ ಹೇಳಬಹುದು. ನನ್ನದು ಬಾಗಿದ್ದು ಒಂದು ರಿಬ್ಬನ್ನಿಗೆ. ಇಷ್ಟು ಹೊತ್ತು ಅವನ ಮೇಲೆ ಉಗಿದದ್ದರಲ್ಲಿ ಅರ್ಧ ನನಗೇ ಸೇರಬೇಕಾದದ್ದು.

ಫಾರಂ ಕೊಡುವ ಶುಕ್ರವಾರ ಬಂತು. ಪೆನ್ನು ಹಿಡಿದು ಕುಳಿತಾಗ ಆಕಯ್‌ಗೆ ಕೊಟ್ಟ ಮಾತು ನನಗೆ ಚೆನ್ನಾಗಿ ನೆನಪಿತ್ತು. ಮರೆತೆ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳು. ಪಿಯಾದ್ ಎಂದು ಬರೆದರೆ ಗೆಳತಿಯರ ಮುಂದೆ ಬಿಷಪ್ ಅದನ್ನು ಗಟ್ಟಿಯಾಗಿ ಕೂಗುತ್ತಾರೆ. ಆ ಯೋಚನೆಗೇ ಕಿವಿ ಬಿಸಿಯಾಯಿತು. ಸಿದೊನೀ ಬರೀ ಪಾಸ್‌ಪೋರ್ಟಿನ ಹೆಸರು, ಮದಾಮ್‌ನ ಅಸಲಿ ಹೆಸರು ಈಗ ನನಗೆ ಸಿಕ್ಕಿದೆ ಎಂದು ಕೂಡ ಯೋಚಿಸಿದೆ. ಪಪ್ಪ ಎಡವಿದಲ್ಲಿ ನಾನು ಸರಿ ಮಾಡುತ್ತೇನೆ ಎಂಬ ಜಂಬ. ಖಾಲಿ ಜಾಗದಲ್ಲಿ ದುಂಡಗೆ ಬರೆದೆ: ಆನ್.

ದೃಢೀಕರಣದ ಬೆಳಿಗ್ಗೆ ಪಪ್ಪ ಮತ್ತೆ ಅಕ್ಕನ ಮುಂದೆ ನಿಂತ. ಹಿಂದೆ ನಿಲ್ಲಲು ಯಾರೂ ಇಲ್ಲ, ನೀನೇ ಬಾ ಎಂದ. ಆಕಯ್ ತನ್ನ ಒಂದೇ ಒಂದು ರೇಷ್ಮೆ ಸೀರೆ ಉಟ್ಟುಕೊಂಡಳು. ಆ ಮೇಡ್ ಪ್ರಸಂಗದ ನಂತರವೂ ಅಡುಗೆಮನೆಯಲ್ಲಿ ಅವಳು ನನ್ನನ್ನು ಪಿಯಾದ್ ಎಂದೇ ಕರೆಯುತ್ತಿದ್ದಳು, ಮುಳ್ಳು ತೆಗೆದು ತುತ್ತು ಕೊಡುತ್ತಿದ್ದಳು. ಅಷ್ಟಕ್ಕೆ ನಾನು ಎಲ್ಲ ಸರಿಹೋಯಿತೆಂದು ತಿಳಿದಿದ್ದೆ. ಸಾಲಿನಲ್ಲಿ ನಡೆಯುವಾಗ ಅವಳ ಬಲಗೈ ನನ್ನ ಹೆಗಲ ಮೇಲಿತ್ತು. ಹೂ ಕಟ್ಟಿ ಕಟ್ಟಿ ತುದಿ ಚಪ್ಪಟೆಯಾದ ಬೆರಳುಗಳು. ಬಿಷಪ್ ಸ್ವಾಮಿ ಚೀಟಿ ನೋಡಿದರು, ಹೆಬ್ಬೆರಳನ್ನು ತೈಲದಲ್ಲಿ ಅದ್ದಿದರು. ಹಿಂದೆ ಆಕಯ್ ಉಸಿರು ಹಿಡಿದದ್ದು ನನ್ನ ಕತ್ತಿಗೆ ಗೊತ್ತಾಯಿತು.

"ಆನ್," ಎಂದರು ಬಿಷಪ್ ಸ್ವಾಮಿ.

ಕೈ ಹೆಗಲಿನಿಂದ ಸರಿಯಲಿಲ್ಲ. ಹಗುರವೂ ಆಗಲಿಲ್ಲ. ಪ್ರಾರ್ಥನೆ ಮುಗಿಯುವವರೆಗೆ, ನಾವು ಬೆಂಚಿಗೆ ಮರಳುವವರೆಗೆ ಅಲ್ಲೇ ಇತ್ತು. ನಾನು ಹಿಂದಿರುಗಿ ನೋಡಲಿಲ್ಲ.

ಮನೆಯಲ್ಲಿ ಊಟಕ್ಕೆ ಇಡ್ಲಿಯಂಥ ಸಾನ್ನಾಂ, ಕೋಳಿ ಸುಕ್ಕ. ಪಪ್ಪನ ಆಫೀಸಿನ ನಾಲ್ಕು ಜನ ಬಂದು ಶೋಕೇಸ್ ನೋಡುತ್ತಿದ್ದರು. ನಾನು ಬಿಳಿ ಫ್ರಾಕಿನಲ್ಲಿ ಕಿಟಕಿಯ ಬಳಿ ನಿಂತಿದ್ದೆ. ಆಕಯ್ ಸೀರೆ ಬದಲಿಸಿ, ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದು ಎಲ್ಲರ ಮುಂದೆ ಕರೆದಳು.

"ಸಿದೊನೀ, ಊಟಕ್ಕೆ ಬಾ."

ಹದಿಮೂರು ವರ್ಷದಲ್ಲಿ ಮೊದಲ ಸಲ. ಎಲ್ಲಿಯೂ ಎಡವದೆ, ಮದಾಮ್ ಹೇಳಿದ ಹಾಗೆಯೇ ಹೇಳಿದಳು.

"ನೋಡಿದ್ಯಾ," ಪಪ್ಪ ಬೀಗಿದ, "ಕೊನೆಗೂ ಲಿಲ್ಲಿಬಾಯ್‌ಗೆ ಹೆಸರು ಬಂತು."

ಆಮೇಲೆ ನಾಲ್ಕು ವರ್ಷ ಅವಳು ನಮ್ಮೊಂದಿಗೆ ಇದ್ದಳು. ತುತ್ತು ನಿಲ್ಲಲಿಲ್ಲ, ತಲೆ ಬಾಚುವುದು ನಿಲ್ಲಲಿಲ್ಲ, ಒಂದು ಕಟುಮಾತು ಅವಳ ಬಾಯಿಂದ ಬರಲಿಲ್ಲ. ನಾನು ಬೇಕೆಂದೇ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿ ಕೂರುತ್ತಿದ್ದೆ. ಒಂದು ಸಲವಾದರೂ ಮರೆತು ಪಿಯಾದ್ ಎಂದಾಳೆಂದು ಕಾಯುತ್ತಿದ್ದೆ. ಅವಳು ಒಮ್ಮೆಯೂ ಮರೆಯಲಿಲ್ಲ.